ಕೈ ಹಿಂದೆ ಕಟ್ಟಿಕೊಂಡು ಹೆಣಿಗೆ ಕಲಿಸಿದ್ದು

ಮೊದಲ ದಿನ ಎಂಟು ಮಕ್ಕಳ ಕೈಗೂ ಒಂದೊಂದು ಕ್ರೋಶೆ ಕಡ್ಡಿ (ತುದಿಯಲ್ಲಿ ಕೊಕ್ಕೆ ಇರುವ ಹೆಣಿಗೆ ಕಡ್ಡಿ), ಒಂದೊಂದು ಉಂಡೆ ಉಲನ್ ದಾರ ಕೊಟ್ಟೆ. ಜಾರುಗಂಟು ಹಾಕುವುದು ಹೇಗೆ, ಕುಣಿಕೆಯೊಳಗಿಂದ ದಾರ ಎಳೆಯುವುದು ಹೇಗೆ ಅಂತ ತೋರಿಸಿದೆ. ನನಗೆ ಇಪ್ಪತ್ತು ವರ್ಷದ ಅಭ್ಯಾಸ. ಸರಪಳಿ ಹೆಣಿಗೆ ಕಣ್ಣು ಮುಚ್ಚಿಕೊಂಡು ಬರುತ್ತದೆ. ಮಕ್ಕಳಿಗೂ ಅಲ್ಲಿಂದಲೇ ಶುರು ಮಾಡಿದರೆ ಸುಲಭ ಅಂದುಕೊಂಡಿದ್ದೆ.

ಹತ್ತೇ ನಿಮಿಷಕ್ಕೆ ಎಲ್ಲರೂ ನನ್ನ ಸುತ್ತ ನಿಂತಿದ್ದರು. "ಆಂಟಿ, ನಂದು ಬಿಚ್ಕೊಂಡ್ತು." "ಆಂಟಿ, ಕಡ್ಡಿ ಒಳಗೇ ಹೋಗ್ತಿಲ್ಲ." ಒಬ್ಬೊಬ್ಬರದನ್ನೇ ಇಸಿದುಕೊಂಡು ಸರಿ ಮಾಡಿ ಕೊಟ್ಟೆ. ಕೊಟ್ಟ ಮರುಕ್ಷಣ ಮತ್ತೆ ವಾಪಸ್ ಬರುತ್ತಿತ್ತು. ಒಂದೂವರೆ ಗಂಟೆ ಮುಗಿದಾಗ ಎಂಟು ಚಂದದ ಸರಪಳಿಗಳು ತಯಾರಾಗಿದ್ದವು. ಮನೆಗೆ ಕರೆದುಕೊಂಡು ಹೋಗಲು ಬಂದ ಒಬ್ಬ ತಾಯಿ ತನ್ನ ಏಳು ವರ್ಷದ ಮಗಳಿಗೆ, "ಅಬ್ಬಾ, ಎಷ್ಟು ಚೆನ್ನಾಗಿ ಮಾಡಿದ್ದೀಯ!" ಅಂದರು. ಆ ಹುಡುಗಿ ಮುಖ ಸಪ್ಪೆ ಮಾಡಿಕೊಂಡು, "ನಾನಲ್ಲ ಅಮ್ಮ, ಆಂಟಿ ಮಾಡಿದ್ದು" ಅಂದಳು.

ಆ ರಾತ್ರಿ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅವಳು ಹೇಳಿದ್ದು ನಿಜ. ಎಂಟೂ ನಾನೇ ಮಾಡಿದ್ದು.

ಕ್ರೋಶೆಯಲ್ಲಿ ಕೈಗೆ ಎಷ್ಟು ಕೆಲಸ ಇದೆ ಅಂತ ಆಗ ಕೂತು ಲೆಕ್ಕ ಹಾಕಿದೆ. ಒಂದು ಕೈ ದಾರವನ್ನು ಬಿಗಿ ಹಿಡಿಯಬೇಕು, ಆದರೆ ಜಾಸ್ತಿ ಬಿಗಿಯಬಾರದು. ಅದೇ ಕೈ ಹೆಣೆದ ಭಾಗವನ್ನೂ ಹಿಡಿದಿರಬೇಕು. ಇನ್ನೊಂದು ಕೈ ಕಡ್ಡಿ ತಿರುಗಿಸಬೇಕು. ಕಣ್ಣು ಸರಿಯಾದ ಕುಣಿಕೆ ಹುಡುಕಬೇಕು. ನಮಗೆ ರೂಢಿಯಾಗಿ ಇದೆಲ್ಲ ಒಂದೇ ಕೆಲಸದಂತೆ ಕಾಣುತ್ತದೆ. ಆರು ವರ್ಷದ ಮಗುವಿಗೆ ಇದು ನಾಲ್ಕು ಕೆಲಸ. ನಾಲ್ಕನ್ನೂ ಒಂದೇ ಸಲ ಮಾಡು ಅಂದರೆ ಹೇಗೆ?

ಎರಡು ತೀರ್ಮಾನ ಮಾಡಿದೆ. ಒಂದು, ಸದ್ಯಕ್ಕೆ ಯಾವ ಕಡ್ಡಿಯೂ ಬೇಡ, ಸೂಜಿಯೂ ಬೇಡ. ಇನ್ನೊಂದು, ಮಕ್ಕಳ ಕೈಯಲ್ಲಿರುವ ದಾರವನ್ನು ನಾನು ಮುಟ್ಟುವುದಿಲ್ಲ. ತೋರಿಸಬೇಕಾದರೆ ನನ್ನದೇ ದಾರದಲ್ಲಿ ತೋರಿಸಬೇಕು. ಎರಡನೆಯದನ್ನು ಪಾಲಿಸಲು ನಿಜವಾಗಿಯೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡಿದೆ. ಅಷ್ಟು ಕಷ್ಟವಿತ್ತು ಅದು.

ಮುಂದಿನ ವಾರ ಹುರಿ ಹೊಸೆಯುವುದರಿಂದ ಶುರು ಮಾಡಿದೆವು. ಇದಕ್ಕೆ ಏನೂ ಬೇಡ, ದಾರ ಮತ್ತು ಒಬ್ಬ ಜೊತೆಗಾರ ಸಾಕು. ಇಬ್ಬರು ಮಕ್ಕಳು ಮೂರು ಮೀಟರ್ ದಾರದ ಎರಡು ತುದಿ ಹಿಡಿದು ಎದುರುಬದುರು ನಿಲ್ಲಬೇಕು. ಇಬ್ಬರೂ ತಮ್ಮ ತಮ್ಮ ತುದಿಯನ್ನು ತಮ್ಮ ಬಲಗಡೆಗೆ ತಿರುಚುತ್ತಾ ಹೋಗಬೇಕು. ದಾರ ಬಿಗಿಯಾಗಿರಬೇಕು, ಸಡಿಲ ಬಿಟ್ಟರೆ ನಡುವೆ ಸುರುಳಿ ಏಳುತ್ತದೆ. ಸಾಕಷ್ಟು ಹುರಿ ಕೂತ ಮೇಲೆ ಮೂರನೆಯವರು ದಾರದ ನಡುವೆ ಬೆರಳು ಇಡುತ್ತಾರೆ, ಇಬ್ಬರೂ ತುದಿಗಳನ್ನು ಒಂದು ಮಾಡುತ್ತಾರೆ. ಬೆರಳು ತೆಗೆದ ಕೂಡಲೇ ದಾರ ತಾನಾಗಿಯೇ ಗಿರಗಿರ ಸುತ್ತಿಕೊಂಡು ಹಗ್ಗವಾಗುತ್ತದೆ.

ಮೊದಲ ಸಲ ಹಾಗೆ ಸುತ್ತಿಕೊಂಡಾಗ ಎಂಟೂ ಮಕ್ಕಳು ಕೂಗಿದರು. "ಇನ್ನೊಂದ್ ಸಲ, ಇನ್ನೊಂದ್ ಸಲ!" ಎಷ್ಟು ಹಗ್ಗ ಮಾಡಿದರು ಅಂತ ಲೆಕ್ಕವಿಲ್ಲ. ನಾನು ಸುಮ್ನೆ ನಿಂತು ನೋಡಿದೆ.

ಹನ್ನೊಂದು ವರ್ಷದ ಹುಡುಗನೊಬ್ಬ, ಎಲ್ಲರಿಗಿಂತ ದೊಡ್ಡವನು, ಹಗ್ಗ ಯಾಕೆ ಬಿಚ್ಚಿಕೊಳ್ಳುವುದಿಲ್ಲ ಅಂತ ಕೇಳಿದ. ಒಂದೊಂದು ಎಳೆಯೂ ತನ್ನ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ. ಆದರೆ ಎರಡು ಎಳೆ ಸೇರಿ ಎದುರು ದಿಕ್ಕಿಗೆ ಸುತ್ತಿಕೊಂಡಿವೆ. ಎಳೆ ಬಿಚ್ಚಿಕೊಳ್ಳಲು ಹೋದಷ್ಟೂ ಹಗ್ಗ ಬಿಗಿಯಾಗುತ್ತದೆ. ಅದಕ್ಕೇ ನಿಲ್ಲುತ್ತದೆ. ಇದನ್ನು ಹೇಳುವಾಗ ಫ್ರಾನ್ಸ್‌ನ ಅಬ್ರಿ ದು ಮಾರಾ ಎಂಬ ಜಾಗದ ಕಥೆಯನ್ನೂ ಹೇಳಿದೆ. ಅಲ್ಲಿ ಸಿಕ್ಕ ಒಂದು ಕಲ್ಲಿನ ಉಪಕರಣಕ್ಕೆ ಚೂರು ಹಗ್ಗ ಅಂಟಿಕೊಂಡಿತ್ತು. ಉದ್ದ ಬರೀ 6 ಮಿಲಿಮೀಟರ್ ಚಿಲ್ಲರೆ. ಮರದ ಒಳತೊಗಟೆಯ ನಾರಿನ ಮೂರು ಎಳೆ, ಒಂದೊಂದೂ ಒಂದೇ ದಿಕ್ಕಿಗೆ ಹೊಸೆದದ್ದು, ಮೂರೂ ಸೇರಿ ಎದುರು ದಿಕ್ಕಿಗೆ ಹೊಸೆದದ್ದು. 40 ಸಾವಿರ ವರ್ಷಕ್ಕೂ ಹಳೆಯದು, ನಿಯಾಂಡರ್ತಾಲ್ ಮನುಷ್ಯರದ್ದು ಅಂತ 2020ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಹುಡುಗ ತನ್ನ ಕೈಯ ಹಗ್ಗವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. "ನಂದೂ ಹಿಂಗೇ ಇದೆ. ಆದ್ರೆ ಎರಡೇ ಎಳೆ" ಅಂದ. ಮೂರು ಎಳೆಯದ್ದು ಮಾಡಲು ಹೋಗಿ ಅರ್ಧ ಗಂಟೆ ಕಳೆದ. ಒಂದೊಂದನ್ನೂ ಬೇರೆ ಬೇರೆ ಹೊಸೆದು, ಬಿಚ್ಚಿಕೊಳ್ಳದಂತೆ ಮೂವರು ಗೆಳೆಯರ ಕೈಗೆ ಕೊಟ್ಟು, ಕೊನೆಗೂ ಮಾಡಿದ.

ಇದೇ ಹುಡುಗನೇ ಮೊದಲ ದಿನ, "ಇದು ಹುಡುಗೀರ ಕೆಲಸ ಅಲ್ವಾ?" ಅಂತ ಕೇಳಿದ್ದ. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದ ಮೊದಲ ವಾಲ್ಡಾರ್ಫ್ ಶಾಲೆಯಲ್ಲಿ ಹುಡುಗರು, ಹುಡುಗಿಯರು ಒಟ್ಟಿಗೇ ಕೂತು ಹೆಣಿಗೆ ಕಲಿಯುತ್ತಿದ್ದರು ಅಂತ ಹೇಳಿದ್ದೆ. ಅದು ಅವನಿಗೆ ಅಷ್ಟೇನೂ ತಟ್ಟಲಿಲ್ಲ. ಹಗ್ಗ ತಟ್ಟಿತು.

ಮೂರನೇ ವಾರ ಬೆರಳು ಹೆಣಿಗೆ. ಮಕ್ಕಳಿಗೆ ಒಂದೇ ಒಂದು ಕೆಲಸ ಕಲಿಸಿ ಅಂದರೆ ನಾನು ಇದನ್ನೇ ಕಲಿಸುತ್ತೇನೆ. ಎಡಗೈ ಅಂಗೈ ತಮ್ಮ ಕಡೆಗೆ. ದಾರದ ಬಾಲ ಹೆಬ್ಬೆರಳ ಸಂದಿಯಲ್ಲಿ. ತೋರುಬೆರಳ ಮುಂದೆ, ನಡುಬೆರಳ ಹಿಂದೆ, ಉಂಗುರ ಬೆರಳ ಮುಂದೆ, ಕಿರುಬೆರಳ ಹಿಂದೆ. ಕಿರುಬೆರಳು ಸುತ್ತಿ ವಾಪಸ್ ಬರುವಾಗ ಮೊದಲು ಬಿಟ್ಟ ಬೆರಳುಗಳ ಮುಂದೆ. ಹೀಗೆ ಎರಡು ಸಲ ಹೋಗಿ ಬಂದರೆ ಪ್ರತಿ ಬೆರಳ ಮುಂದೆ ಎರಡು ಎಳೆ ಕಾಣುತ್ತವೆ. ಕೆಳಗಿನದನ್ನು ಎತ್ತಿ, ಮೇಲಿನದನ್ನು ದಾಟಿಸಿ, ಬೆರಳ ತುದಿಯಿಂದ ಹಿಂದಕ್ಕೆ ಹಾಕಬೇಕು. ನಾಲ್ಕೂ ಬೆರಳಿಗೂ ಹಾಗೆ. ಆಮೇಲೆ ಮತ್ತೊಂದು ಸುತ್ತು, ಮತ್ತೆ ದಾಟಿಸುವುದು. ಹೆಣಿಗೆ ಕೈಯ ಹಿಂದುಗಡೆ ಬೆಳೆಯುತ್ತಾ ಹೋಗುತ್ತದೆ.

ಬರೆದರೆ ಇಷ್ಟುದ್ದ ಆಗುತ್ತದೆ. ಮಕ್ಕಳಿಗೆ "ಕೆಳಗಿನವನು ಮೇಲಿನವನನ್ನು ಹಾರಿ ಓಡಿಹೋದ" ಅಂದೆ. ಅಷ್ಟು ಸಾಕಾಯಿತು. ಎಲ್ಲರೂ ಬಾಯಲ್ಲಿ "ಹಾರಿದ, ಓಡಿದ, ಹಾರಿದ, ಓಡಿದ" ಅಂತ ಹೇಳಿಕೊಂಡೇ ಹೆಣೆಯುತ್ತಿದ್ದರು. ಐದು ವರ್ಷದ ಇಬ್ಬರಿಗೆ ನಾಲ್ಕು ಬೆರಳು ಜಾಸ್ತಿ ಅನ್ನಿಸಿತು. ಅವರಿಗೆ ಎರಡೇ ಬೆರಳಲ್ಲಿ ಹೆಣೆಯಲು ಹೇಳಿದೆ. ಸಣ್ಣ ಗುಂಡನೆಯ ಹಗ್ಗ ಬಂತು, ಖುಷಿಯಾದರು.

ಇಲ್ಲಿ ದಾರದ ಬಗ್ಗೆ ಒಂದು ಮಾತು. ಮೊದಲ ದಿನ ಮನೆಯಲ್ಲಿ ಉಳಿದಿದ್ದ ಕಪ್ಪು ದಾರವನ್ನೂ, ರೋಮದಂತೆ ನವಿರಾದ ದಾರವನ್ನೂ ಕೊಟ್ಟಿದ್ದೆ. ಎರಡೂ ಬೇಡ. ಕಪ್ಪಿನಲ್ಲಿ ಕುಣಿಕೆ ಕಾಣುವುದಿಲ್ಲ, ರೋಮದ ದಾರ ತಪ್ಪಾದರೆ ಬಿಚ್ಚುವುದಿಲ್ಲ. ತಿಳಿ ಬಣ್ಣದ, ನುಣುಪಾದ, ದಪ್ಪ ದಾರ ಮಕ್ಕಳ ಕೈಗೆ ಒಳ್ಳೆಯದು. ಲಡಿಯಲ್ಲಿ ಬಂದ ದಾರವನ್ನು ಮೊದಲೇ ಉಂಡೆ ಸುತ್ತಿಕೊಳ್ಳಬೇಕು. ಅದನ್ನೂ ಮಕ್ಕಳಿಂದಲೇ ಮಾಡಿಸಬಹುದು. ಒಬ್ಬರು ಎರಡೂ ಕೈ ಚಾಚಿ ಲಡಿ ಹಿಡಿದು ನಿಲ್ಲುವುದು, ಇನ್ನೊಬ್ಬರು ಸುತ್ತುವುದು. ಜಗಳವಾಡಿದ ಇಬ್ಬರನ್ನು ಹೀಗೆ ಜೋಡಿ ಮಾಡಿದ್ದೆ. ಉಂಡೆ ಮುಗಿಯುವಷ್ಟರಲ್ಲಿ ಮಾತಾಡುತ್ತಿದ್ದರು.

ಬೆರಳು ಹೆಣಿಗೆಯಲ್ಲಿ ಎಲ್ಲ ಮಕ್ಕಳೂ ಬಿಗಿಯಾಗಿ ಸುತ್ತುತ್ತಾರೆ. ಒಬ್ಬನ ಬೆರಳ ತುದಿ ನೇರಳೆಯಾಗಿತ್ತು, ಅವನು ಹೇಳಿರಲೂ ಇಲ್ಲ. ನಾನು ಕೈ ಹಾಕಿದ ಕೆಲವೇ ಸಲಗಳಲ್ಲಿ ಅದೂ ಒಂದು. ಆಮೇಲೆ ಪ್ರತಿ ಐದು ಸುತ್ತಿಗೆ "ಬೆರಳು ಕುಣಿಸಿ" ಅನ್ನುವುದನ್ನು ರೂಢಿ ಮಾಡಿದೆ. ಬೆರಳು ಆಡದಿದ್ದರೆ ಬಿಗಿ ಜಾಸ್ತಿ ಅಂತ ಅವರಿಗೇ ಗೊತ್ತಾಗುತ್ತದೆ. ಇನ್ನೊಂದು ಕಟ್ಟುನಿಟ್ಟಿನ ನಿಯಮ, ಯಾವ ಹಗ್ಗವನ್ನೂ ಕುತ್ತಿಗೆಗೆ ಹಾಕಿಕೊಳ್ಳುವಂತಿಲ್ಲ. ಎಷ್ಟು ಆಸೆಯಿಂದ ಕೇಳಿದರೂ ಇಲ್ಲ. ಸೊಂಟಕ್ಕೂ ಕಟ್ಟಬಹುದು, ಬ್ಯಾಗಿಗೂ ಕಟ್ಟಬಹುದು.

ಗುಂಪಿನಲ್ಲಿ ಒಬ್ಬಳು ಎಡಗೈಯವಳಿದ್ದಳು. ನಾನು ಪಕ್ಕ ಕೂತು ತೋರಿಸಿದಾಗ ಅವಳಿಗೆ ಎಲ್ಲವೂ ತಿರುವುಮುರುವು. ಎರಡು ವಾರ ಅವಳು ನಿಧಾನ ಅಂತಲೇ ತಿಳಿದಿದ್ದೆ. ಮೂರನೇ ವಾರ ಅಕಸ್ಮಾತ್ತಾಗಿ ಎದುರಿಗೆ ಕೂತೆ. ನಾನು ಬಲಗೈಯಲ್ಲಿ ಮಾಡಿದ್ದನ್ನು ಅವಳು ಕನ್ನಡಿ ನೋಡಿದಂತೆ ನೋಡಿ ಎಡಗೈಯಲ್ಲಿ ಮಾಡಿಬಿಟ್ಟಳು. ಐದೇ ನಿಮಿಷ. ಬಲಗೈಯವರಿಗೆ ಪಕ್ಕ ಕೂರಬೇಕು, ಎಡಗೈಯವರಿಗೆ ಎದುರು ಕೂರಬೇಕು. ನಾನು ಕೂತ ಜಾಗ ತಪ್ಪಾಗಿದ್ದಕ್ಕೆ ಆ ಮಗು ಎರಡು ವಾರ ತನಗೆ ಬರುವುದಿಲ್ಲ ಅಂದುಕೊಂಡಿತ್ತು. ಅದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬಿಚ್ಚುವುದನ್ನೂ ಕಲಿಸಬೇಕು ಅಂತ ಅನ್ನಿಸಿದ್ದು ಇದೇ ವಾರ. ಹೆಣಿಗೆಯಲ್ಲಿ ಎಲ್ಲೋ ಒಂದು ಕುಣಿಕೆ ಬಿಟ್ಟುಹೋದರೆ ಮಕ್ಕಳು ಕೆಲಸ ಅಲ್ಲೇ ನಿಲ್ಲಿಸಿಬಿಡುತ್ತಿದ್ದರು. ಎಲ್ಲ ಹಾಳಾಯಿತು ಅನ್ನುವ ಭಯ. ಎಲ್ಲರೂ ಒಟ್ಟಿಗೆ ಒಂದು ಗೇಣು ಬಿಚ್ಚೋಣ ಅಂದೆ. ಒಬ್ಬಳು ಅತ್ತೇಬಿಟ್ಟಳು. ಅವಳದು ಬಿಚ್ಚಿಸಿದ್ದು ಸರಿಯಲ್ಲ ಅಂತ ಆಗಲೇ ಗೊತ್ತಾಯಿತು. ಮುಂದಿನ ವಾರ ನನ್ನ ಹೆಣಿಗೆಯನ್ನೇ ತಂದೆ, ಮೂರು ಸಂಜೆ ಕೂತು ಹೆಣೆದದ್ದು. ನಡುವೆ ಒಂದು ತಪ್ಪಿತ್ತು. ಅವರ ಮುಂದೆಯೇ ಬಾಲ ಹಿಡಿದು ಎಳೆದೆ. ಸರಸರ ಬಿಚ್ಚಿ ದಾರ ನೆಲದ ಮೇಲೆ ಗುಂಗುರಾಗಿ ಬಿತ್ತು. "ಆಂಟಿ, ಬೇಜಾರಾಗಲ್ವಾ?" ಅಂತ ಒಬ್ಬ ಕೇಳಿದ. "ಸ್ವಲ್ಪ ಆಗುತ್ತೆ. ಆದ್ರೆ ನೋಡು, ದಾರ ಎಲ್ಲೂ ಹೋಗಿಲ್ಲ" ಅಂದೆ. ಅತ್ತವಳು ಬಂದು ಆ ದಾರವನ್ನು ತಾನೇ ಉಂಡೆ ಸುತ್ತಿಕೊಟ್ಟಳು.

ಕುಚ್ಚಿನ ಚೆಂಡು ಮಾಡಿದ್ದು ಒಂದು ದಿನ. ನಡುವೆ ತೂತಿರುವ ಎರಡು ರಟ್ಟಿನ ಬಳೆ ಜೋಡಿಸಿ, ದಾರ ಸುತ್ತಿ, ಎರಡು ಬಳೆಗಳ ಸಂದಿಯಲ್ಲಿ ಕತ್ತರಿಸಿ, ನಡುವೆ ಬಿಗಿಯಾಗಿ ಕಟ್ಟುವುದು. ಕಟ್ಟಲು ಉಲನ್ ದಾರ ಬೇಡ, ಎಳೆದಾಗ ಪಟ್ಟನೆ ಹರಿಯುತ್ತದೆ. ಗಟ್ಟಿ ಹತ್ತಿ ದಾರ ಬೇಕು. ಕತ್ತರಿಯೂ ಹರಿತವಾಗಿರಬೇಕು. ಮಕ್ಕಳಿಗೆ ಅಂತ ಮೊಂಡು ಕತ್ತರಿ ಕೊಟ್ಟರೆ ಅವರು ಬಲ ಹಾಕುತ್ತಾರೆ, ಅದು ಜಾರುತ್ತದೆ. ಕತ್ತರಿಸುವಾಗ ಒಬ್ಬೊಬ್ಬರನ್ನೇ ನನ್ನ ಪಕ್ಕ ಕೂರಿಸಿಕೊಂಡೆ. ಮಕ್ಕಳಿಗೆ ಇದು ತುಂಬಾ ಇಷ್ಟ. ನನಗೆ ಅಷ್ಟಾಗಿ ಅಲ್ಲ, ಸುತ್ತಿ ಸುತ್ತಿ ಒಂದೇ ಕ್ಷಣದಲ್ಲಿ ಮುಗಿದುಹೋಗುತ್ತದೆ.

ಉಣ್ಣೆಯನ್ನು ಸೋಪು ನೀರಲ್ಲಿ ಉಜ್ಜಿ ಚೆಂಡು ಮಾಡುವ ದಿನ ಮಾತ್ರ ಪೂರಾ ಕೆಟ್ಟಿತು. ಬೆಚ್ಚಗಿನ ನೀರು, ಸೋಪು, ಬಣ್ಣ ಬಣ್ಣದ ದಾರದ ಚೂರು ಎಲ್ಲ ಇಟ್ಟಿದ್ದೆ. ಮಕ್ಕಳು ಉಜ್ಜಿದರು, ಉಜ್ಜಿದರು. ಅರ್ಧ ಗಂಟೆ ಆದರೂ ದಾರ ದಾರವಾಗಿಯೇ ಉಳಿಯಿತು. ಆಮೇಲೆ ಉಂಡೆಯ ಚೀಟಿ ಓದಿದೆ. ಅಕ್ರಿಲಿಕ್. ನಾವು ಉಲನ್ ಅಂತ ಕರೆಯುವ ದಾರದಲ್ಲಿ ಎಷ್ಟೋ ಸಲ ಉಣ್ಣೆಯೇ ಇರುವುದಿಲ್ಲ. ಕುರಿಯ ಉಣ್ಣೆಯ ಕೂದಲಿನ ಮೇಲೆ ಸಣ್ಣ ಸಣ್ಣ ಪೊರೆಗಳಿರುತ್ತವೆ. ಬಿಸಿ, ಸೋಪು, ಉಜ್ಜುವಿಕೆ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಮತ್ತೆ ಬಿಡುವುದಿಲ್ಲ. ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ಕಿನ ಎಳೆ, ಅದಕ್ಕೆ ಆ ಪೊರೆ ಇಲ್ಲ. ಎಷ್ಟು ಉಜ್ಜಿದರೂ ಅಷ್ಟೇ. ಮಕ್ಕಳಿಗೆ ಹಾಗೆಯೇ ಹೇಳಿದೆ, ತಪ್ಪು ನನ್ನದು, ನಿಮ್ಮ ಕೈಯದ್ದಲ್ಲ ಅಂತ. ಮುಂದಿನ ವಾರ ಹಿಂಜಿದ ಕುರಿ ಉಣ್ಣೆ ತಂದೆ. ಮೊದಲು ಕೈಯ ಭಾರವೇ ಹಾಕದೆ ಮೆಲ್ಲಗೆ ಉರುಳಿಸಬೇಕು, ಗಟ್ಟಿಯಾಗುತ್ತಾ ಬಂದಂತೆ ಒತ್ತಬೇಕು. ಹದಿನೈದು ನಿಮಿಷಕ್ಕೆ ಎಂಟು ಗಟ್ಟಿ ಚೆಂಡು. ನೆಲಕ್ಕೆ ಎಸೆದರೆ ಪುಟಿಯುತ್ತಿದ್ದವು.

ಆರನೇ ವಾರದಿಂದ ರಟ್ಟಿನ ಮಗ್ಗ. ಗಟ್ಟಿ ರಟ್ಟಿನ ಮೇಲೆ, ಕೆಳಗೆ ಒಂದೊಂದು ಸೆಂಟಿಮೀಟರಿಗೆ ಒಂದು ಸೀಳು. ಅದರಲ್ಲಿ ಹತ್ತಿ ದಾರದ ಹಾಸು, ಅಂದರೆ ಉದ್ದಕ್ಕೆ ಕಟ್ಟುವ ಎಳೆಗಳು. ಹಾಸಿನ ಎಳೆಗೆ ಉಲನ್ ಹಾಕಬಾರದು, ಅದು ಹಿಗ್ಗುತ್ತದೆ. ತುಂಬಾ ಬಿಗಿದರೆ ರಟ್ಟೇ ಬಾಗುತ್ತದೆ. ಹೊಕ್ಕಿಗೆ, ಅಂದರೆ ಅಡ್ಡ ಹೋಗುವ ಎಳೆಗೆ, ದಪ್ಪ ಉಲನ್. ಸೂಜಿಯ ಬದಲು ಹೇರ್‌ಪಿನ್. ಒತ್ತಲು ಬಾಚಣಿಗೆ. ಒಂದು ಎಳೆಯ ಮೇಲೆ, ಒಂದರ ಕೆಳಗೆ, ವಾಪಸ್ ಬರುವಾಗ ಉಲ್ಟಾ. ಹಾಸುಹೊಕ್ಕು ಅನ್ನುವ ಮಾತನ್ನು ಎಷ್ಟು ಸಲ ಬಾಯಲ್ಲಿ ಆಡಿದ್ದೇವೆ. ಮಕ್ಕಳು ಅದನ್ನು ಕೈಯಲ್ಲಿ ಮುಟ್ಟಿದರು.

ಎಂಟು ವರ್ಷದ ಒಬ್ಬ ಹುಡುಗನಿಗೆ ಮಗ್ಗ ಅಂದರೆ ಪ್ರಾಣವಾಯಿತು. ಬೇರೆಯವರು ಆಟಕ್ಕೆ ಎದ್ದುಹೋದರೂ ಅವನು ಏಳುತ್ತಿರಲಿಲ್ಲ. ಆದರೆ ಅವನ ನೇಯ್ಗೆ ಮೇಲಕ್ಕೆ ಹೋದಂತೆ ಕಿರಿದಾಗುತ್ತಿತ್ತು. ಬುಡದಲ್ಲಿ ಒಂದು ಗೇಣು ಅಗಲ, ನಡುವಿಗೆ ಬರುವಾಗ ಮೂರು ಬೆರಳು. ನೇಯ್ಗೆ ಕಲಿಯುವ ಎಲ್ಲರಿಗೂ ಹೀಗಾಗುತ್ತದೆ. ನನಗೆ ಎರಡನೇ ಸಾಲಿನಲ್ಲೇ ಕಾಣಿಸಿತ್ತು. ಕೈ ಹಿಂದೆ ಬಿಗಿಯಾಗಿ ಕಟ್ಟಿಕೊಂಡೆ. ಅವನಿಗೆ ಕಾಣಲು ಹದಿನೈದು ಸಾಲು ಬೇಕಾಯಿತು. ತಾನೇ ಮಗ್ಗ ಎತ್ತಿಕೊಂಡು ಬಂದು, "ಇದ್ಯಾಕೆ ಸಣ್ಣ ಆಗ್ತಿದೆ?" ಅಂದ. ಆಗ ನನ್ನ ಮಗ್ಗ ತಂದು ಪಕ್ಕ ಕೂತೆ. ಹೊಕ್ಕು ನೇರ ಹೋಗುವುದಿಲ್ಲ, ಪ್ರತಿ ಹಾಸಿನ ಮೇಲೆ ಕೆಳಗೆ ಹತ್ತಿ ಇಳಿಯುತ್ತದೆ, ಅದಕ್ಕೆ ಅಗಲಕ್ಕಿಂತ ಉದ್ದ ದಾರ ಬೇಕು. ನೇರವಾಗಿ ಎಳೆದರೆ ದಾರ ಸಾಲದೆ ಅಂಚು ಒಳಗೆ ಬರುತ್ತದೆ. ಅದಕ್ಕೆ ದಾರವನ್ನು ಗುಡ್ಡದಂತೆ ಕಮಾನಾಗಿ ಬಿಟ್ಟು, ಆಮೇಲೆ ಬಾಚಣಿಗೆಯಿಂದ ಕೆಳಗೆ ತಳ್ಳಬೇಕು. ಅವನು ಒಂದು ಸಾಲು ಹಾಗೆ ಮಾಡಿ ನೋಡಿದ. ಹಳೆಯದನ್ನು ಬಿಚ್ಚುತ್ತೀಯಾ ಅಂತ ಕೇಳಿದೆ. ಬೇಡ ಅಂದ. ಈಗ ಆ ನೇಯ್ಗೆ ನಡುವೆ ಸಣ್ಣಗಾಗಿ ಮತ್ತೆ ಅಗಲವಾಗಿದೆ. ಎಲ್ಲಿ ಕಲಿತ ಅನ್ನುವುದು ಅದರಲ್ಲೇ ಕಾಣುತ್ತದೆ.

ದುಂಡು ಮಗ್ಗದಲ್ಲಿ ನಾನೇ ಎಡವಿದೆ. ರಟ್ಟಿನ ತಟ್ಟೆಯ ಅಂಚಿಗೆ 16 ಸೀಳು ಹಾಕಿ, ನಡುವಿನ ತೂತಿನಿಂದ ಪ್ರತಿ ಸೀಳಿಗೂ ದಾರ ಎಳೆದು ಕೊಟ್ಟೆ. ಎರಡನೇ ಸುತ್ತಿಗೆ ಬಂದಾಗ ದಾರ ಮೊದಲ ಸುತ್ತಿನ ದಾರಿಯಲ್ಲೇ ಹೋಯಿತು. ಮೇಲಿದ್ದಲ್ಲಿ ಮೇಲೆ, ಕೆಳಗಿದ್ದಲ್ಲಿ ಕೆಳಗೆ. ನೇಯ್ಗೆ ಕೂರಲೇ ಇಲ್ಲ. ಎಡಗೈ ಹುಡುಗಿ ಎಳೆಗಳನ್ನು ಎರಡೆರಡಾಗಿ ಎಣಿಸಿ, "ಒಂದು ಜಾಸ್ತಿ ಇದ್ದಿದ್ರೆ ಸರಿ ಹೋಗ್ತಿತ್ತು" ಅಂದಳು. ಹೌದು, ದುಂಡಗೆ ನೇಯುವಾಗ ಹಾಸು ಬೆಸ ಸಂಖ್ಯೆಯಲ್ಲಿರಬೇಕು, 15 ಅಥವಾ 17. ಆಗ ಪ್ರತಿ ಸುತ್ತಿಗೂ ಮೇಲಿನದು ಕೆಳಗಾಗುತ್ತದೆ. ಅವಳೇ ಕತ್ತರಿ ತಗೊಂಡು ಎಲ್ಲರ ತಟ್ಟೆಗೂ ಹದಿನೇಳನೇ ಸೀಳು ಹಾಕಿದಳು.

ಇದರ ನಡುವೆ ಒಂದು ನೋವಿನ ಸಂಗತಿ ಆಯಿತು. ಒಂದು ಮಗು ಮನೆಗೆ ತೆಗೆದುಕೊಂಡು ಹೋಗಿದ್ದ ಮಗ್ಗ ಮುಂದಿನ ವಾರ ಪೂರ್ತಿಯಾಗಿ, ಅಂಚು ಗೆರೆ ಎಳೆದಂತೆ ಬಂತು. ಮನೆಯಲ್ಲಿ ದೊಡ್ಡವರು ಪ್ರೀತಿಯಿಂದಲೇ ಮುಗಿಸಿಕೊಟ್ಟಿದ್ದರು. ಆ ಮಗು ಅದನ್ನು ಮೂಲೆಯಲ್ಲಿಟ್ಟಿತು, ಆ ದಿನ ಮತ್ತೆ ಮುಟ್ಟಲಿಲ್ಲ. ನಾನು ಅವರ ಜೊತೆ ಮಾತಾಡಿದೆ. ನನ್ನ ಮೊದಲ ದಿನದ ಎಂಟು ಸರಪಳಿಯ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಒಂದು ಮಗ್ಗ ಕೊಡಿ, ನಂದು ನಾನು ಮಾಡ್ತೀನಿ" ಅಂದರು. ಕೊಟ್ಟೆ. ಆಮೇಲೆ ಆ ಮನೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ನೇಯುತ್ತಾರೆ ಅಂತ ಮಗು ಹೇಳಿತು.

ಹತ್ತನೇ ವಾರ, ಕೊನೆಯ ದಿನ, ಕ್ರೋಶೆ ಕಡ್ಡಿಗಳನ್ನು ಮತ್ತೆ ಮೇಜಿನ ಮೇಲೆ ಇಟ್ಟೆ. ತಗೊಳ್ಳಿ ಅಂತ ಯಾರಿಗೂ ಹೇಳಲಿಲ್ಲ. ಐವರು ತಗೊಂಡರು, ಮೂವರಿಗೆ ಬೇಡವಾಯಿತು. ಏಳು ವರ್ಷದ ಆ ಹುಡುಗಿ ಬಹಳ ಹೊತ್ತು ಕಡ್ಡಿಯನ್ನು ತಿರುಗಿಸಿ ನೋಡಿ, ಬೆರಳು ಹೆಣಿಗೆಯ ಕುಣಿಕೆಯನ್ನೇ ಅದಕ್ಕೆ ಸಿಕ್ಕಿಸಿ ಎಳೆದಳು. ಒಂದು ಕುಣಿಕೆ ದೊಡ್ಡದು, ಒಂದು ಸಣ್ಣದು, ಒಟ್ಟು ಒಂಬತ್ತು. ಎಣಿಸಿ ನನಗೆ ತೋರಿಸಿ, ಕಡ್ಡಿಯನ್ನು ಬ್ಯಾಗಿಗೆ ಹಾಕಿಕೊಂಡಳು.

ಎಂಟು ವರ್ಷದ ಹುಡುಗನ ಮಗ್ಗ ಇನ್ನೂ ನನ್ನ ಕಪಾಟಿನ ಮೇಲಿದೆ. ನಾಲ್ಕು ಬೆರಳಗಲ ನೇಯುವುದು ಬಾಕಿ ಇದೆ. ಹಳದಿ ದಾರ ಮುಗಿದಿದೆ, ಬೇರೆ ಬಣ್ಣ ಬೇಡ ಅಂತ ಹೇಳಿ ಹೋಗಿದ್ದಾನೆ. ತರಬೇಕು.